ಓ ಅನ್ನದೆ ಉಳಿದ ಕೂಗು

ದೆವ್ವ, ಪೀಡೆ ಅಂದರೆ ನಗುತ್ತಿದ್ದವಳು ನಾನು. ಸೋಮನಹಳ್ಳಿ ಪಕ್ಕದ ನಮ್ಮೂರಿನಲ್ಲಿ ಅಜ್ಜಿ ಹೇಳುತ್ತಿದ್ದಳು: “ದೀಪ ಅಚ್ಚೋ ಒತ್ನಲ್ಲಿ ಯಾರಾರಾ ಎಸ್ರಿಡ್ದು ಕೂಗುದ್ರೆ ತಟ್ಟಂತ ಓ ಅನ್ಬ್ಯಾಡ ಕಣೇ. ದೆವ್ವ ಎಲ್ಡೇ ಸಲ ಕೂಗೋದು. ಮೂರ್ನೇ ಕೂಗು ಮನುಸ್ರುದು.” ಪಾಪ, ದೆವ್ವಕ್ಕೆ ಮೂರು ಎಣಿಸಲು ಬರುವುದಿಲ್ಲವೇ ಎಂದು ನಾನು ಕೆಣಕುತ್ತಿದ್ದೆ. ಈಗ ಇದನ್ನು ಓದಿ ನೀವು ನಕ್ಕರೂ ನನಗೆ ಬೇಸರವಿಲ್ಲ.

ಆಗ ನಾವು ಕೆನಡಾದಲ್ಲಿದ್ದೆವು. ಮಗಳು ಹುಟ್ಟುವ ಹೊತ್ತಿಗೆ ಸರಿಯಾಗಿ ನನ್ನ ಗಂಡನ ಕೆಲಸ ಹೋಯಿತು. ಇವರು ಮಳವಳ್ಳಿ ಕಡೆಯ ಮರ್ಯಾದಸ್ಥರಲ್ಲವೇ, ಊರಿಗೂ ಹೇಳಲಿಲ್ಲ, ಅಲ್ಲಿದ್ದ ನಮ್ಮವರಿಗೂ ಹೇಳಲಿಲ್ಲ. ಯಾರದೋ ಮನೆಯ ನೆಲಮಾಳಿಗೆಯ ಒಂದು ಕೋಣೆಗೆ ಬಂದು ಸೇರಿದೆವು. ಹಬ್ಬಕ್ಕೆ ಕರೆದವರಿಗೆಲ್ಲ ಏನಾದರೊಂದು ನೆಪ. ಬರಿಗೈಯಲ್ಲಿ ಹೇಗೆ ಹೋಗುವುದು? ಕರೆದು ಕರೆದು ಅವರೂ ಬಿಟ್ಟರು. ಇವರು ಬೆಳಗಾದರೆ ಮನೆಮನೆಗೆ ಊಟದ ಪೊಟ್ಟಣ ತಲುಪಿಸಲು ಹೊರಡುತ್ತಿದ್ದರು. ಆಮೇಲೆ ನನಗೆ ಮಾತಾಡಲು ಕೂಸೊಂದೇ. ನನ್ನ ಹೆಸರು ಶಶಿ ಎಂಬುದೇ ಮರೆತುಹೋಗುವಂತಿತ್ತು. ಇವರಂತೂ ನನ್ನನ್ನು ‘ಏ’ ಎಂದು ಕರೆಯುವವರು.

ಅಮ್ಮನನ್ನು ಕರೆಸಿಕೊಳ್ಳುವ ಶಕ್ತಿ ಇರಲಿಲ್ಲ, ಫೋನಿನಲ್ಲೇ ಬಾಣಂತನ. “ಕೂಸ್ಗೆ ನೀರಾಕುದ್ಮೇಲೆ ಮಂಚದ ಕೆಳಗೆ ಕೆಂಡ ಮಡಗವ್ವ, ಸಾಂಬ್ರಾಣಿ ಆಕು. ಇಲ್ದಿದ್ರೆ ಸೀತ ಆಯ್ತದೆ” ಎಂದಳು. ಬಿಲ್ಲಿಗೆ ಹೆದರಿ ಹೀಟರ್ ತಗ್ಗಿಸಿದ್ದೆವು, ಕೆಂಡದ ಮಾತು ನನಗೂ ಹಿತವೆನಿಸಿತು. ಅಲ್ಲಿನವರು ಬಯಲಲ್ಲಿ ಮಾಂಸ ಸುಡಲು ಬಳಸುವ ಇದ್ದಿಲು ಅಂಗಡಿಯಲ್ಲಿ ಸಿಕ್ಕಿತು. ಒಂದು ಮಧ್ಯಾಹ್ನ ಹಳೇ ಬಾಣಲೆಯಲ್ಲಿ ಕೆಂಡ ಮಾಡಿ ಸಾಂಬ್ರಾಣಿ ಉದುರಿಸಿದೆ. ತವರಿನ ವಾಸನೆಗೆ ಅಳುವೇ ಬಂತು. ನಮ್ಮೂರ ಹೆಂಚಿನ ಮನೆಗೆ ನೂರು ಕಿಂಡಿ. ಇಲ್ಲಿ ಚಳಿಗೆಂದು ಕಿಟಕಿಯ ಸಂದಿಗೆಲ್ಲ ನಾನೇ ಬಟ್ಟೆ ತುರುಕಿದ್ದೆ. ಹೊಗೆಗೆ ಕೂಗುವ ಗೋಡೆಯ ಅಲಾರಾಂ ಒಗ್ಗರಣೆ ಹಾಕಿದರೂ ಅರಚುತ್ತದೆಂದು ಅದರ ಬ್ಯಾಟರಿಯನ್ನೂ ಕಿತ್ತಿದ್ದೆ. ಎಂಥ ಬುದ್ಧಿ ನೋಡಿ!

ಮಗು ಮಲಗಿತು. ನನಗೂ ತಲೆ ಭಾರ, ಸಿಹಿ ಮಂಪರು. ಆಗ ಹೊರಗಿನಿಂದ ಯಾರೋ ಕೂಗಿದರು: “ಸಸೀ!”

ಶಶಿ ಅಲ್ಲ, ಸಸಿ. ನಾನು ಸಸಿಯಾಗುವುದು ನಮ್ಮ ಕಡೆಯವರ ಬಾಯಲ್ಲಿ ಮಾತ್ರ. ಅಜ್ಜಿಯ ಮಾತು ನೆನಪಾಗಿ ಓ ಅನ್ನದೆ ಸುಮ್ಮನಾದೆ. ಮತ್ತೆ, “ಸಸೀ!” ಮೂರನೆಯದಕ್ಕೆ ಕಾಯುತ್ತ ಕೂತಿದ್ದರಿಂದಲೇ ನನಗೆ ನಿದ್ದೆ ಹತ್ತಲಿಲ್ಲ. ಮೂರನೆಯ ಸಲ ಆ ದನಿ ಗದರಿತು: “ಲೇ ಸಸೀ, ಕೂಸ್ನ ಎತ್ಕಂಡು ಈಚ್ಗೆ ಬಾರೇ!” ಓ ಅನ್ನಲು ನಾಲಗೆ ಹೊರಳಲಿಲ್ಲ. ಮಗುವನ್ನು ಅವಚಿಕೊಂಡು, ಗೋಡೆ ಹಿಡಿದು ಮೆಟ್ಟಿಲು ಹತ್ತಿ ಬಾಗಿಲು ತೆಗೆದೆ.

ಯಾರೂ ಇರಲಿಲ್ಲ. ಹಿಮದ ಮೇಲೆ ಬೆಳಿಗ್ಗೆ ಇವರು ನಡೆದುಹೋದ ಹೆಜ್ಜೆ ಬಿಟ್ಟರೆ ಬೇರೆ ಹೆಜ್ಜೆಯಿಲ್ಲ. ತಣ್ಣನೆಯ ಗಾಳಿ ಬಡಿದು ಅಲ್ಲೇ ಕುಸಿದೆ. ಜೋತುಬಿದ್ದಿದ್ದ ಮಗು ಸ್ವಲ್ಪ ಹೊತ್ತಿಗೆ ಕಿಟ್ಟನೆ ಕಿರುಚಿತು. ಅಷ್ಟು ಸಿಹಿಯಾದ ಅಳುವನ್ನು ನಾನು ಮತ್ತೆ ಕೇಳಿಲ್ಲ. ಮೇಲಿನ ಮನೆಯಾಕೆ ಓಡಿ ಬಂದು ಅಂಬ್ಯುಲೆನ್ಸ್ ಕರೆಸಿದಳು. ಇನ್ನು ಕೊಂಚ ಹೊತ್ತು ಒಳಗಿದ್ದಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲವಂತೆ. ನನ್ನ ಹೆಸರೇನೆಂದು ಆಕೆ ಕೇಳಿದ್ದೇ ಅವತ್ತು.

ಮುಚ್ಚಿದ ಕೋಣೆಯಲ್ಲಿ ಕೆಂಡದ ವಿಷಗಾಳಿ ತಲೆಗೇರಿದರೆ ಇಲ್ಲದ ದನಿ ಕೇಳಿಸುತ್ತದೆ ಎಂದರು ಡಾಕ್ಟರು. ಇರಬಹುದು. ಆದರೆ ಅದು ಅಮ್ಮನ ದನಿಯಲ್ಲ, ತೀರಿಕೊಂಡ ಅಜ್ಜಿಯದೂ ಅಲ್ಲ. ನಾನು ಹುಟ್ಟಿದಾಗಿನಿಂದ ಕೇಳಿರದ ಯಾರೋ ಹೆಂಗಸಿನದು. ಅಜ್ಜಿಯ ಲೆಕ್ಕದಲ್ಲಿ ಮೂರು ಸಲ ಕೂಗಿದವರು ಮನುಷ್ಯರೇ. ಹಾಗಾದರೆ ಯಾರು?

ಈಗ ಮಂಡ್ಯದಲ್ಲಿದ್ದೇವೆ. ಮಾರ್ಕೆಟ್ಟಿನಲ್ಲಿ, ಬಸ್ಸಿನಲ್ಲಿ ಯಾವ ಹೆಂಗಸು ಗಟ್ಟಿಯಾಗಿ ಕೂಗಿದರೂ ತಿರುಗಿ ನೋಡುತ್ತೇನೆ. ಸಿಕ್ಕರೆ ಕಾಲಿಗೆ ಬೀಳಬೇಕು. ಅವತ್ತು ನಾನು ಓ ಅನ್ನಲೇ ಇಲ್ಲವಲ್ಲ. ಅದಕ್ಕೇ ದಿನಾ ದೀಪ ಹಚ್ಚಿದ ಮೇಲೆ ಬಾಗಿಲಲ್ಲಿ ನಿಂತು “ಓ” ಅನ್ನುತ್ತೇನೆ.

“ಯಾರಮ್ಮ ಕೂಗಿದ್ದು?” ಎನ್ನುತ್ತಾಳೆ ಮಗಳು.

“ಗೊತ್ತಿಲ್ಲ ಕಣಮ್ಮ. ಅವತ್ತು ನಿನ್ನೂ ಕೂಗುದ್ರು, ನೀನೂ ಓ ಅನ್ನು.”