ದಾರಿ ಖುಲ್ಲಾ ಅದ

ಅಣ್ಣನ ಮಗನಿಗೆ ಹೆಣ್ಣು ನೋಡಲು ಹೊರಟ ಹಿರಿಯ ನಾನು. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಪೈಜಾಮ, ಬಿಳಿ ಅಂಗಿ, ಸ್ಕೂಟರಿನ ಕೊಕ್ಕೆಗೆ ಪೇಡೆಯ ಡಬ್ಬಿ. ಶಹಾಬಾದದಿಂದ ಚಿತ್ತಾಪುರದ ಕಡೆಗೆ ಹೋಗುವ ಒಳದಾರಿಯಲ್ಲಿ ಕಾಗಿಣಾ ಹೊಳೆಗೆ ಒಂದು ತಗ್ಗು ಸೇತುವೆ. ಅದರ ನಡುವೆ ಬಂದಾಗ ಸ್ಕೂಟರು ಕೆಮ್ಮಿ ಕೆಮ್ಮಿ ನಿಂತಿತು. ಸೇತುವೆಯ ಮೇಲಿನ ನೀರು ನಾನು ಹೊಕ್ಕಾಗ ಪಾದ ಮುಳುಗುವಷ್ಟಿತ್ತು. ಈಗ ಮೊಣಕಾಲು ದಾಟಿತ್ತು. ತಳ್ಳಿಕೊಂಡು ಹೋಗೋಣವೆಂದು ಇಳಿದೆ. ಹೊಳೆ ಮೊದಲು ಚಪ್ಪಲಿ ಕೇಳಿತು, ಕೊಟ್ಟೆ. ಪೇಡೆ ಕೇಳಿತು, ಅದನ್ನೂ ಕೊಟ್ಟೆ. ಆಮೇಲೆ ಪೈಜಾಮದ ಲಾಡಿಗೆ ಕೈ ಹಾಕಿತು. ನನ್ನ ಒಂದು ಕೈ ಸ್ಕೂಟರಿನ ಹ್ಯಾಂಡಲ್ ಹಿಡಿದಿತ್ತು, ಇನ್ನೊಂದು ಕೈ ಫೋನು ನೆನೆಯಬಾರದೆಂದು ಅದನ್ನು ತಲೆಯ ಮೇಲೆತ್ತಿತ್ತು. ಮೂರನೆಯ ಕೈಯ ವ್ಯವಸ್ಥೆ ಇರಲಿಲ್ಲ.

ನೀರು ನೋಡಲು ಬಂದ ಮಂದಿ ದಂಡೆಯ ಮೇಲೆ ನಿಂತಿದ್ದರು. ಒಬ್ಬ ಮುದುಕಿ ಕೂಗಿದಳು: "ಯಪ್ಪಾ, ಫೋನ್ ಬಿಡೋ, ಲಾಡಿ ಹಿಡಿ! ಹೆಣ್ಮಕ್ಕಳು ನಿಂತಾರಿಲ್ಲಿ!"

ಅಷ್ಟರಲ್ಲಿ ಸೇತುವೆಯ ಆಚೆ ತುದಿಯಿಂದ ಸೊಂಟಕ್ಕೆ ಹಗ್ಗ ಕಟ್ಟಿಕೊಂಡ ಒಬ್ಬ ಎತ್ತರದ ಆಳು ನೀರು ಸೀಳಿಕೊಂಡು ಬಂದ. ಬೆಕ್ಕಿನ ಮರಿಯನ್ನು ಹಿಡಿಯುವಂತೆ ನನ್ನ ಕಾಲರು ಹಿಡಿದು ಆಚೆ ದಂಡೆಗೇ ಎಳೆದು ತಂದ. ಸ್ಕೂಟರನ್ನು ಮಂದಿ ಹಗ್ಗ ಹಾಕಿ ಎಳೆದುಕೊಂಡರು. ನನ್ನನ್ನು ಒಂದು ಫರ್ಸಿ ಕಲ್ಲಿನ ಮೇಲೆ ಕೂರಿಸಿ, ಟವೆಲ್ಲು ಕೊಡುವ ಮೊದಲು ಅವನು ಕೈ ಚಾಚಿದ.

"ಫೋನ್ ಕೊಡ್ರಿ."

ಮನೆಗೆ ಸುದ್ದಿ ಮುಟ್ಟಿಸುತ್ತಾನೇನೋ ಎಂದು ಕೊಟ್ಟೆ. ಅವನು ಪರದೆಯ ಮೇಲೆ ಬೆರಳೊತ್ತಿ ಹಿಡಿದು 'ಕಾಗಿಣಾ ದಾರಿ' ಎಂಬ ಆ್ಯಪ್ ಅಳಿಸತೊಡಗಿದ. ಸೇತುವೆ ಹೊಗುವ ಮೊದಲು ನಾನು ನೋಡಿಕೊಂಡದ್ದು ಅದನ್ನೇ. ಹಸಿರು ಬಣ್ಣದಲ್ಲಿ 'ದಾರಿ ಖುಲ್ಲಾ ಅದ' ಎಂದಿತ್ತು. ಕಣ್ಣಿಗೆ ನೀರು ಕಾಣುತ್ತಿತ್ತು, ಫೋನು ಇಲ್ಲವೆನ್ನುತ್ತಿತ್ತು. ಓದಿದವನಾದ್ದರಿಂದ ಫೋನನ್ನು ನಂಬಿದೆ.

"ಏ ಏ, ಅದನ್ಯಾಕ ಅಳಸಾಕತ್ತಿ? ಈಗ ಅದು ಆ್ಯಪ್ ಬಜಾರದಾಗ ಸಿಗಂಗಿಲ್ಲಪ!"

"ಗೊತ್ತದ್ರಿ. ಬಜಾರದಾಗ ಸಿಗಲಾರದ್ದು ನಿಮ್ಮ ಕಿಸೇದಾಗ ಸಿಕ್ಕದಲ್ಲ, ಅದಕ್ಕ ಅಳಸಾಕತ್ತೀನಿ."

ಆಗ ನಾನು ಅವನ ಮುಖವನ್ನು ಸರಿಯಾಗಿ ನೋಡಿದೆ. ಆ ಹಸಿರು ಅಕ್ಷರಗಳ ಪಕ್ಕದಲ್ಲಿ ತಲೆಗೆ ಟವೆಲ್ಲು ಸುತ್ತಿಕೊಂಡು ನಗುತ್ತಿದ್ದ ಫೋಟೋ ಇವನದೇ. ಫೋಟೋದ ಕೆಳಗೆ ಹೆಸರೂ ಇತ್ತು, ಭಾಗಣ್ಣ.

"ದಂಡ್ಯಾಗ ಜಾಲಿ ಗಿಡಕ್ಕ ಕೆಂಪು ಅರಿವಿ ಕಟ್ಟೀನಿ, ಕಾಣಲಿಲ್ಲೇನ್ರಿ?"

ಕಂಡಿತ್ತು. ಯಾರದೋ ಹರಕೆಯ ಬಟ್ಟೆ ಎಂದುಕೊಂಡು ಕೈ ಮುಗಿದು ಬಂದಿದ್ದೆ. ಅದನ್ನು ಹೇಳಿದೆ. ಅವನು ನಗಲಿಲ್ಲ.

ಮನೆಗೆ ಕರೆದುಕೊಂಡು ಹೋಗಿ ತನ್ನ ಲುಂಗಿ ಕೊಟ್ಟ. ಎರಡು ಸುತ್ತು ಸುತ್ತಿದರೂ ನೆಲ ಗುಡಿಸುವಷ್ಟು ಉದ್ದ. ಹೆಂಡತಿ ಬಸ್ಸಮ್ಮ ಚಹಾ ಕೊಟ್ಟಳು. ಅಂಗಳದ ಮೂಲೆಯಲ್ಲಿ ಒಂದು ಹಳೆಯ ದೋಣಿ ಬೋರಲಾಗಿ ಬಿದ್ದಿತ್ತು. ಅದರ ಕೆಳಗೆ ಕೋಳಿಗಳು ಸಂಸಾರ ಹೂಡಿದ್ದವು. ಭಾಗಣ್ಣನ ಅಜ್ಜ, ಅಪ್ಪ ಅದೇ ದೋಣಿಯಲ್ಲಿ ಮಂದಿಯನ್ನು ದಾಟಿಸಿದವರು. ಸೇತುವೆ ಬಂದ ಮೇಲೆ ಆ ಮನೆತನಕ್ಕೆ ಎರಡು ಕೆಲಸ ಮಾತ್ರ ಉಳಿದವು. ಹೊಳೆ ಸೇತುವೆ ಹತ್ತಿದಾಗ ಎರಡೂ ತುದಿಯ ಜಾಲಿ ಗಿಡಗಳಿಗೆ ಮನೆಯ ಹೆಂಗಸರ ಹಳೆಯ ಕೆಂಪು ಸೀರೆಯ ತುಂಡು ಕಟ್ಟುವುದು ಒಂದು. ಅದನ್ನು ಲೆಕ್ಕಿಸದೆ ಹೋದವರನ್ನು ಆಮೇಲೆ ಹುಡುಕಿ ತರುವುದು ಇನ್ನೊಂದು. ಎರಡಕ್ಕೂ ಪಗಾರ ಇಲ್ಲ. ಹೊಟ್ಟೆಪಾಡಿಗೆ ಭಾಗಣ್ಣ ಭಂಕೂರಿನ ಹತ್ತಿರ ಫರ್ಸಿ ಪಾಲಿಶ್ ಮಾಡುವ ಕಡೆ ದುಡಿಯುತ್ತಾನೆ. ಮೈತುಂಬ ಕಲ್ಲಿನ ಹಿಟ್ಟು ಮೆತ್ತಿಕೊಂಡು ಸಂಜೆ ಹೊಳೆಗಿಳಿಯುತ್ತಾನೆ.

ಕೆಲವು ವರ್ಷದ ಹಿಂದೆ ರಮೇಶಕುಮಾರ ಎಂಬ ಕಾಂಟ್ರ್ಯಾಕ್ಟ್ ಕಂಪ್ಯೂಟರ್ ಮಾಸ್ತರರು ತಮ್ಮ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಆ ಆ್ಯಪ್ ಮಾಡಿದರು. ಭಾಗಣ್ಣನ ಫೋನಿನಲ್ಲಿ ಎರಡು ಗುಂಡಿ. ಬೆಳಿಗ್ಗೆ ಹೊಳೆ ನೋಡಿ ಹಸಿರು ಒತ್ತಿದರೆ ಎಲ್ಲರ ಫೋನಿನಲ್ಲೂ 'ದಾರಿ ಖುಲ್ಲಾ ಅದ', ಕೆಂಪು ಒತ್ತಿದರೆ 'ದಾರಿ ಬಂದ್ ಅದ'. ಹಾಲಿನವರು, ಟಂಟಂ ಆಟೋದವರು, ಮಾಸ್ತರರು ಎಲ್ಲರೂ ಹಾಕಿಕೊಂಡರು. ಮಂದಿ ಜಾಲಿ ಗಿಡ ನೋಡುವುದನ್ನು ಬಿಟ್ಟರು.

"ನಾನ ಹೇಳ್ದೆ ನೋಡ್ರಿ," ಎಂದಳು ಬಸ್ಸಮ್ಮ. "ಗುಂಡಿ ಬಂದದಲ್ಲ, ಇನ್ನ ನನ್ನ ಸೀರಿ ಹರೀಬ್ಯಾಡ ಅಂದೆ. ನನ್ನ ಬಾಯಿಗಿಷ್ಟು..." ಮಾತು ಅಲ್ಲಿಗೇ ಬಿಟ್ಟು ಒಳಗೆ ಹೋದಳು.

ಮಾಸ್ತರರ ಕಾಂಟ್ರ್ಯಾಕ್ಟ್ ಮುಗಿಯಿತು. ಚಿಂಚೋಳಿಗೆ ಹೋಗಿ ಝೆರಾಕ್ಸ್ ಅಂಗಡಿ ಹಾಕಿದರು. ಆ್ಯಪ್ ಬಜಾರದವರು ವರ್ಷಕ್ಕೊಮ್ಮೆ ಅಂಗಡಿ ಗುಡಿಸುತ್ತಾರಂತೆ. ಹಳೆಯದಾಗಿ, ಧಣಿ ದಿಕ್ಕಿಲ್ಲದೆ ಬಿದ್ದವುಗಳಿಗೆ 'ಸುಧಾರಿಸಿಕೋ, ಇಲ್ಲದಿದ್ದರೆ ತೆಗೆಯುತ್ತೇವೆ' ಎಂದು ಪತ್ರ ಹಾಕುತ್ತಾರಂತೆ. (ಇಂಥ ನೋಟೀಸು ನನಗೆ ಮನೆಯಲ್ಲಿ ಆಗಾಗ ಬರುತ್ತದೆ, ಹೆಂಡತಿ ಇನ್ನೂ ತೆಗೆದಿಲ್ಲ ಅಷ್ಟೇ.) ಪತ್ರ ಹೋದದ್ದು ಯಾರೂ ತೆರೆಯದ ವಿಳಾಸಕ್ಕೆ. 'ಕಾಗಿಣಾ ದಾರಿ' ಬಜಾರದಿಂದ ಹೋಯಿತು. ಅದರ ಹಿಂದೆ ಎಲ್ಲೋ ಬಾಡಿಗೆಗೆ ಓಡುತ್ತಿದ್ದ ಕಂಪ್ಯೂಟರೂ ನಿಂತಿತು. ಆದರೆ ಮಂದಿಯ ಫೋನಿನೊಳಗೆ ಇದ್ದದ್ದು ಇದ್ದಲ್ಲೇ ಉಳಿಯಿತು, ಕೊನೆಗೆ ಮುಟ್ಟಿದ ಸುದ್ದಿಯನ್ನು ಹಿಡಿದುಕೊಂಡು. ಅದು ಬೇಸಿಗೆಯ ಒಂದು ಮುಂಜಾನೆಯ ಸುದ್ದಿ. ಹೊಳೆಯಲ್ಲಿ ಆಗ ಕಲ್ಲು ಕಾಣುತ್ತಿದ್ದವು. ಹಸಿರು.

ಭಾಗಣ್ಣನಿಗೆ ಯಾರೂ ಹೇಳಲಿಲ್ಲ. ಹೋದ ಮಳೆಗಾಲದಲ್ಲಿ ಹೊಳೆ ಸೇತುವೆ ಹತ್ತಿದ ದಿನ ಅವನು ಕೆಂಪು ಒತ್ತಿದ. ಅವನ ಫೋನು ಕೆಂಪಾಯಿತು. ಉಳಿದ ಯಾರ ಫೋನೂ ಆಗಲಿಲ್ಲ. ದಾರಿ ಬಂದ್ ಮಾಡಿದೆನೆಂದು, ಗಿಡಕ್ಕೆ ಬಟ್ಟೆ ಕಟ್ಟದೆ, ಅವನು ಊಟಕ್ಕೆ ಹೋದ. ಅದೇ ಊರಿನ ಮಡಿವಾಳಯ್ಯನವರು, ಆಚೆ ದಂಡೆಯ ಊರಲ್ಲಿ ಕೂಸಿಗೆ ಲಿಂಗ ಕಟ್ಟಲು, ಜಿಟಿಜಿಟಿ ಮಳೆಯಲ್ಲಿ ಮೊಪೆಡ್ ತೆಗೆದುಕೊಂಡು ಹೊರಟರು.

ಮಾರನೆಯ ದಿನ ಕೆಳಗಿನ ತಿರುವಿನಲ್ಲಿ, ಜಾಲಿಯ ಬೇರುಗಳ ನಡುವೆ, ಭಾಗಣ್ಣನ ಕೈಗೇ ಸಿಕ್ಕರು.

"ಜೋಳಗಿ ಕೊಳ್ಳಾಗ ಹಂಗೇ ಇತ್ರಿ. ವಿಭೂತಿ ಗಟ್ಟಿ ಜೋಡಿ ಫೋನು, ಪ್ಲಾಸ್ಟಿಕ್ ಚೀಲದಾಗ ಗಂಟು ಹಾಕಿ ಇಟ್ಟಿದ್ರು. ಅದಕ್ಕ ನೀರ ಹತ್ತಿಲ್ಲ. ತೆಗದು ನೋಡ್ದೆ. ನನ್ನ ಮಾರಿ ನಗಾಕತ್ತಿತ್ತು. ಬಾಜೂಕ ಹಸಿರು."



ಭಾಗಣ್ಣ ಅವತ್ತೇ ಚಿಂಚೋಳಿಗೆ ಫೋನು ಮಾಡಿದ್ದ. ಆ ಮಾತನ್ನು ಅವನು ಇಬ್ಬರ ದನಿಯಲ್ಲೂ ಹೇಳಿ ತೋರಿಸಿದ.

"ಸರ, ನಿಮ್ಮ ಆ್ಯಪ್ ಸುಳ್ಳು ಹೇಳಾಕತ್ತದ."

"ಅದು ಈಗ ಇಲ್ಲಲ್ಲೋ ಭಾಗಣ್ಣ. ಹಳೇದಾಗಿತ್ತು, ತೆಗದು ಹಾಕ್ಯಾರ."

"ಎಲ್ಲಿಂದ ತೆಗದಾರ್ರಿ?"

"ಬಜಾರದಿಂದ."

"ಮಂದಿ ಕಿಸೇದಾಗ ಅದಲ್ರಿ."

"ಕಿಸೇದಾಗ ಅವರು ಕೈ ಹಾಕಂಗಿಲ್ಲಪಾ."

ಹಾಗಾದರೆ ತಾನೇ ಹಾಕುತ್ತೇನೆಂದು ಭಾಗಣ್ಣ ಹೊರಟ. ಮೊದಲು ಹೋದದ್ದು ಶಹಾಬಾದದ ಮಶಾಕನ ಮೊಬೈಲ್ ಅಂಗಡಿಗೆ. ಬಜಾರದಲ್ಲಿ ಸಿಗದಾದ ಮೇಲೆ ಅದಕ್ಕೆ ಬೆಲೆ ಬಂದಿತ್ತು. ಮಶಾಕ ಒಂದು ಫೋನಿನಿಂದ ಇನ್ನೊಂದಕ್ಕೆ ದಾಟಿಸಿ ಕೊಡುತ್ತಿದ್ದ.

"ಅರೇ ಭಾಗಣ್ಣ, ಸಿಗಲಾರದ ಮಾಲ್ ಅದ, ಮಂದಿ ಹುಡುಕ್ಕೋತ ಬರ್ತಾರ. ನೀ ಹೀರೋ ಆಗೀದಿ ಭಾಯಿ, ಫೋಟೋ ನೋಡು!"

"ಆ ಫೋಟೋ ನೋಡೇ ಅಯ್ನೋರು ನೀರಿಗಿ ಹೋಗ್ಯಾರ."

ಮಶಾಕ ಕೂಡಲೆ ತನ್ನದನ್ನು ಅಳಿಸಿ, ಅಳಿಸುವುದು ಹೇಗೆಂದು ಇವನಿಗೂ ಕಲಿಸಿಕೊಟ್ಟ. ಅಂದಿನಿಂದ ಭಾಗಣ್ಣ ಚಹಾದಂಗಡಿ, ಹಿಟ್ಟಿನ ಗಿರಣಿ, ಬಸ್ ನಿಲ್ದಾಣ, ವಾಡಿಯ ಸಂತೆ ಎಲ್ಲೆಂದರಲ್ಲಿ ಮಂದಿಯ ಫೋನು ಕೇಳುತ್ತಾನೆ. ಕೊಡುವುದಿಲ್ಲ. 'ಇರ್ಲಿ ಬಿಡೋ, ಮತ್ತ ಬೇಕಂದ್ರ ಸಿಗಂಗಿಲ್ಲ' ಎನ್ನುತ್ತಾರೆ. ಓಡದ ನಾಣ್ಯವನ್ನು ಜನ ಜಗಲಿಯಲ್ಲಿಟ್ಟು ಪೂಜಿಸುವುದಿಲ್ಲವೆ, ಹಾಗೆ. ನಾನೂ ಅವರಲ್ಲೊಬ್ಬ. ಹೋದ ತಿಂಗಳು ಹೊಸ ಫೋನು ಕೊಂಡಾಗ ಹಳೆಯದರಿಂದ ಇದಕ್ಕೆ ಅದನ್ನು ಜತನದಿಂದ ದಾಟಿಸಿಕೊಂಡು ಹೆಮ್ಮೆಪಟ್ಟಿದ್ದೆ.

"ಎಲ್ಲಾರೂ ಇವತ್ತಿಲ್ಲ ನಾಳಿ ಕೊಡ್ತಾರ್ರಿ. ದಾನಮ್ಮನೋರು ಒಬ್ಬರು ಕೊಡವಲ್ರು."

ದಾನಮ್ಮನವರು ಮಡಿವಾಳಯ್ಯನವರ ಹೆಂಡತಿ. ಗಂಡನ ಫೋನು ಅವರ ಹತ್ತಿರವೇ ಇದೆ. ಆ ಆ್ಯಪ್ ಇದ್ದ ಕಾರಣಕ್ಕೇ ಅದನ್ನು ಯಾರಿಗೂ ಮುಟ್ಟಗೊಡುವುದಿಲ್ಲ. ಊರವರು, ಅಯ್ಯನವರು ಕುಡಿದಿದ್ದರು, ಕುಡಿದ ಅಮಲಿನಲ್ಲಿ ಹೊಳೆಗೆ ಹೊಕ್ಕರು ಎಂದು ಮಾತಾಡಿಕೊಂಡಿದ್ದರು. ನಾನು ಶಹಾಬಾದದಲ್ಲಿ ಕೇಳಿದ್ದೂ ಹಾಗೇ. ಮನೆಮನೆಗೆ ಹೋಗಿ ವಿಭೂತಿ ಹಚ್ಚುವ ಮನುಷ್ಯನ ಮೇಲೆ ಅಂಥ ಮಾತು ಬಂದರೆ ಮನೆಗೆ ಕರೆಯುವವರು ನಿಲ್ಲುತ್ತಾರೆ. ಅವರ ಮಗ ರಾಮಲಿಂಗನನ್ನು ಈಗ ಯಾರೂ ಲಿಂಗ ಕಟ್ಟಲು ಕರೆಯುತ್ತಿಲ್ಲ.

ಸಂಜೆ ನೀರಿಳಿಯುವವರೆಗೆ ನನಗೆ ಬೇರೆ ಗತಿ ಇರಲಿಲ್ಲ. "ಬರ್ರಿ ನನ್ನ ಜೋಡಿ," ಎಂದ ಭಾಗಣ್ಣ. ಲುಂಗಿ ಎತ್ತಿ ಹಿಡಿದುಕೊಂಡು ಹಿಂದೆ ನಡೆದೆ. ಯಾಕೆ ಕರೆದನೆಂದು ತಿಳಿಯಲಿಲ್ಲ. ತಿಳಿದಿದ್ದರೆ ಒಣಗದಿದ್ದರೂ ಪೈಜಾಮವನ್ನೇ ಹಾಕಿಕೊಳ್ಳುತ್ತಿದ್ದೆ.

ದಾನಮ್ಮನವರ ಮನೆಯ ಎದುರಿನ ಕಟ್ಟೆಯ ಮೇಲೆ ಊರ ಗಂಡಸರು ಕೂತಿದ್ದರು. ಬಾಗಿಲಲ್ಲಿ ದಾನಮ್ಮನವರು ಕಾಣಿಸಿಕೊಂಡರು.

"ಮತ್ತ ಬಂದಿ ಭಾಗಣ್ಣ?"

"ಬಂದೀನ್ರಿ ಅಮ್ಮನೋರೆ. ಅದೊಂದು ಅಳಿಸಿ ಕೊಡ್ರಿ. ರಾಮಲಿಂಗಯ್ಯ ಅದೇ ಫೋನ್ ತೊಗೊಂಡು ನಾಳಿ ಹೊಳಿ ದಾಟಿದ್ರ ಏನ್ ಮಾಡ್ತೀರಿ?"

"ಅಳಿಸಿದ್ರ ನನ್ನ ಕೈಯಾಗ ಏನ್ ಉಳೀತದ? ಅವರು ನಿಂತು ನೋಡಿ ಹೋಗ್ಯಾರ ಅನ್ಲಿಕ್ಕಿ ಅದೊಂದೇ ಅದ. ಅದೂ ಹೋದ್ರ ಕುಡುಕನ ಹೆಂಡ್ತಿ ಅಂತಾನೇ ನಾ ಸಾಯ್ಬೇಕು."

ಭಾಗಣ್ಣ ಕಟ್ಟೆಯ ಕಡೆ ತಿರುಗಿದ. ನನ್ನ ಹೆಗಲ ಮೇಲೆ ಕೈ ಹಾಕಿ ಮುಂದೆ ತಂದು ನಿಲ್ಲಿಸಿದ, ಜಾತ್ರೆಗೆ ಹೋರಿ ತಂದು ನಿಲ್ಲಿಸಿದ ಹಾಗೆ.

"ಇವರ್ನ ನೋಡ್ರಿ. ಶಹಾಬಾದದವ್ರು, ಓದಿದವ್ರು, ಹೆಣ್ಣ ನೋಡಾಕ ಹೊಂಟಿದ್ರು. ಯಾರರೆ ಬಂದು ಬಾಯಿ ಮೂಸಿ ನೋಡ್ರಿ, ಕುಡಿದಾರೇನು? ಫೋನ್ ನೋಡೇ ಹೊಳಿಗಿ ಹೊಕ್ಕಾರ. ನಾ ಬಾಜೂಕ ಇದ್ದೆ ಅಂತ ಉಳಿದಾರ. ಅಯ್ನೋರು ಹೊಕ್ಕಾಗ ನಾ ಮನ್ಯಾಗ ರೊಟ್ಟಿ ತಿನ್ನಾಕತ್ತಿದ್ದೆ."

ಕಟ್ಟೆಯ ಮೇಲಿನ ಒಬ್ಬ ಎದ್ದು ಬಂದು ನಿಜಕ್ಕೂ ಮೂಸಿದ. "ಚಹಾದ ವಾಸನಿ ಅದ," ಎಂದ. ಯಾರೋ ನಗಲು ಹೋಗಿ ನಿಲ್ಲಿಸಿಕೊಂಡರು.

"ಆದ್ರ ನೀ ಕೆಂಪು ಒತ್ತಿದ್ದೆ ಅಂತಿದ್ದೆಲ್ಲೋ?" ಎಂದ ಇನ್ನೊಬ್ಬ.

"ಒತ್ತಿದ್ದೆ. ಅವರಿಗಿ ಮುಟ್ಟಲಿಲ್ಲ. ಅವರಿಗಿ ಮುಟ್ಟಿದ್ದು ನನ್ನ ಮಾರಿ, ಖುಲ್ಲಾ ಅದ ಅನ್ನೋ ಮಾತು. ಅಯ್ನೋರು ನನ್ನ ಮಾತು ಕೇಳಿ ಹೋಗ್ಯಾರ. ಇನ್ನ ಯಾರಿಗರೆ ಏನರೆ ಅನ್ನೋದಿದ್ರ ನನಗ ಅನ್ರಿ."

ಕಟ್ಟೆಯವರು ಒಪ್ಪಿದರೋ ಇಲ್ಲವೋ ಹೇಳಲಾರೆ, ಬೀಡಿ ಹಚ್ಚಿದರು. ಹಿರಿಯನೊಬ್ಬ ಮಾತ್ರ ಮುಖ ಬೇರೆ ಕಡೆ ಇಟ್ಟುಕೊಂಡು, "ನಮ್ಮ ಮೊಮ್ಮಗಳಿಗಿ ಲಿಂಗ ಕಟ್ಟೋದದ. ರಾಮಲಿಂಗಯ್ಯಗ ಹೇಳ್ರಿ ಅಮ್ಮನೋರೆ, ಸೋಮವಾರ," ಎಂದ.

ದಾನಮ್ಮನವರು ಒಳಗೆ ಹೋಗಿ ಫೋನು ತಂದರು. ಅದಿನ್ನೂ ಅದೇ ಪ್ಲಾಸ್ಟಿಕ್ ಚೀಲದಲ್ಲಿತ್ತು, ವಿಭೂತಿಯ ಹುಡಿ ಮೆತ್ತಿತ್ತು. ಭಾಗಣ್ಣ ಕೈ ಚಾಚಿದ. ಅವರು ಕೊಡಲಿಲ್ಲ.

"ಅವರ ಬಟ್ಟು ಆಡಿದ ಕಡಿ ನಿನ್ನ ಬಟ್ಟು ಬ್ಯಾಡ. ಹ್ಯಾಂಗಂತ ಹೇಳು."

ಅವನು ದೂರದಿಂದಲೇ ಹೇಳಿದ. ಅವರು ಹೆಬ್ಬೆಟ್ಟು ಒತ್ತಿ ಹಿಡಿದರು. ಭಾಗಣ್ಣನ ನಗುವ ಫೋಟೋ ನಡುಗಿ ಹೋಯಿತು. ಆಮೇಲೆ ಅವರು ಪರದೆಯನ್ನು ಸೆರಗಿನಿಂದ ಒರೆಸಿ ಬಾಗಿಲು ಮುಂದೆ ಮಾಡಿಕೊಂಡರು. 

ನಾವು ಹೊಳೆಯ ಕಡೆ ನಡೆದೆವು. ಜಾಲಿ ಗಿಡದಲ್ಲಿ ಬಸ್ಸಮ್ಮನ ಕೆಂಪು ಸೀರೆಯ ತುಂಡು ತೊಯ್ದು ಕಪ್ಪಾಗಿ ಜೋತು ಬಿದ್ದಿತ್ತು. ಸಂಜೆಯ ಈ ಬೆಳಕಿನಲ್ಲಿ ಅದು ಯಾವ ಬಣ್ಣವೂ ಆಗಿರಬಹುದಿತ್ತು. ಆ್ಯಪ್ ಹೋಯಿತು, ಬಟ್ಟೆ ಕಾಣುವುದಿಲ್ಲ, ಇನ್ನು ನನ್ನಂಥವನ ಗತಿಯೇನೆಂದು ನನಗೆ ನಿಜವಾಗಿಯೂ ಚಿಂತೆಯಾಯಿತು.

"ಅಲ್ಲೋ ಭಾಗಣ್ಣ, ಇನ್ನ ಮ್ಯಾಲ ದಾರಿ ಖುಲ್ಲಾ ಅದನೋ ಬಂದ್ ಅದನೋ ಹ್ಯಾಂಗ ತಿಳೀಬೇಕು?"

ಅವನು ಹಗ್ಗವನ್ನು ಸುರುಳಿ ಸುತ್ತುತ್ತಲೇ ಹೇಳಿದ:

"ನಾ ದಂಡ್ಯಾಗ ನಿಂತಿದ್ರ ಬಂದ್ ಅದ ಅಂತ ತಿಳ್ಕೋರಿ. ನೀರಾಗ ಇದ್ರ, ನಿಮ್ಮಂಥವ್ರು ಯಾರೋ ಬಂದಾರ ಅಂತ ತಿಳ್ಕೋರಿ."