ಮಾಜಿವಾಡಾದ ಬ್ಯಾಟರಿ ಮಾಮ

ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಹೋಟೆಲಿನ ಅಡುಗೆಮನೆಯಲ್ಲಿದ್ದಾಗ ರುಬ್ಬುವ ಯಂತ್ರಕ್ಕೆ ಸಿಕ್ಕಿ ಹೋದದ್ದಂತೆ. ಆ ಬೋಳು ಬೆರಳಿನಿಂದಲೇ ನನ್ನ ಎಲೆಕ್ಟ್ರಿಕ್ ಟ್ಯಾಕ್ಸಿಯ ಸೀಟಿನಡಿಯ ಕೊಂಡಿ ಒತ್ತಿ, ಖಾಲಿಯಾದ ಬ್ಯಾಟರಿಗಳನ್ನು ಹೊರಗೆಳೆದು, ಚಾರ್ಜ್ ಆದವುಗಳನ್ನು ಕೂರಿಸುತ್ತಿದ್ದರು.

ಹೋಟೆಲು ಮುಚ್ಚಿದ ಮೇಲೆ ಅವರು ಮುಂಬೈ ಪಕ್ಕದ ಠಾಣೆ ಊರಿನ ಮಾಜಿವಾಡಾದಲ್ಲಿ, ಬ್ಯಾಟರಿ ಬದಲಿಸಿಕೊಡುವ ಸ್ಟೇಷನ್ನಿಗೆ ಸೇರಿದ್ದರು. ನಾನು ಫೋನಿನಲ್ಲಿ ಅಮ್ಮನೊಡನೆ ಮಾತಾಡುವುದನ್ನು ಕೇಳಿ, "ನೀನು ಉಡುಪಿ ಕಡೆಯವಳಾ?" ಎಂದರು. ಅಂದಿನಿಂದ ನನಗೆ ಅವರು ಮಾಮ.

ಬ್ಯಾಟರಿ ಬದಲಿಸಲು ಮಾಮನಿಗೆ ಹತ್ತು ಹನ್ನೆರಡು ನಿಮಿಷ ಬೇಕು. ಒರೆಸುವರು, ಮತ್ತೆ ಒರೆಸುವರು. ನಡುವೆ, ಠಾಣೆಯಲ್ಲಿ ಒಳ್ಳೆಯ ಕೆಸುವಿನೆಲೆ ಎಲ್ಲಿ ಸಿಗುತ್ತದೆ ಎಂಬ ಮಾತು.

"ಬೇಗ ಮಾಡಿ ಮಾಮ, ಪ್ಯಾಸೆಂಜರ್ ಕಾಯ್ತಿದ್ದಾರೆ."

"ಧೂಳುಂಟು ಮಾರಾಯ್ತಿ, ಒರೆಸದೆ ಹಾಕ್ಲಿಕ್ಕಾಗ್ತದಾ?"

ಒಮ್ಮೆ ನನ್ನ ಮುಂದಿದ್ದ ಕಾರನ್ನು ಅವರು ನಾಲ್ಕೇ ನಿಮಿಷದಲ್ಲಿ ಕಳಿಸಿದ್ದನ್ನು ಕಂಡೆ. ಅದಕ್ಕೂ ಧೂಳಿತ್ತು. ಕೇಳಿದ್ದಕ್ಕೆ ಮುಖ ತಗ್ಗಿಸಿದರು. "ಮನೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳು ಎಲ್ಲ ಹಿಂದಿ. ಹೆಂಡತಿ ಹೋದ ಮೇಲೆ ನಂಗೆ ಕನ್ನಡ ಅಂದ್ರೆ ನೀನು ಬಂದಾಗ ಮಾತ್ರ."

ಒಂದು ಮಧ್ಯಾಹ್ನ ಘೋಡಬಂದರ್ ರಸ್ತೆಯ ಜಾಮಿನಲ್ಲಿ ಚಾರ್ಜ್ ಮುಗಿದು ನನ್ನ ಗಾಡಿ ನಿಂತಿತು. ಮಾಮನಿಗೆ ಫೋನ್ ಮಾಡಿದೆ. ಅವರು ಸ್ಟೇಷನ್ ಬಿಟ್ಟು ಬರುವಂತಿರಲಿಲ್ಲ. ಆದರೂ ರಿಕ್ಷಾದಲ್ಲಿ ಎರಡು ಬ್ಯಾಟರಿ ಇಟ್ಟುಕೊಂಡು ಹೊರಟರು. ರಿಕ್ಷಾವೂ ಜಾಮಿನಲ್ಲಿ ಸಿಕ್ಕಿಕೊಂಡಾಗ ಇಳಿದು, ಒಂದನ್ನು ಹೆಗಲ ಮೇಲೆ ಹೊತ್ತು ತಂದಿಟ್ಟು, ಇನ್ನೊಂದಕ್ಕೆ ಬಿಸಿಲಲ್ಲಿ ಮತ್ತೆ ನಡೆದರು. ಅದಕ್ಕಾಗಿ ಮೇಲಿನವರಿಂದ ಬೈಸಿಕೊಂಡದ್ದು ಬೇರೊಬ್ಬ ಡ್ರೈವರನಿಂದ ನನಗೆ ಗೊತ್ತಾಯಿತು, ಅವರು ಹೇಳಲಿಲ್ಲ.

ಮರುವರ್ಷ ನನಗೆ ಬೇರೆ ಕಾರು ಸಿಕ್ಕಿತು. ಅದಕ್ಕೆ ಬ್ಯಾಟರಿ ಬದಲಿಸಬೇಕಿರಲಿಲ್ಲ. ಟಿಟ್ವಾಳಾದ ನಮ್ಮ ಬಿಲ್ಡಿಂಗಿನ ಕೆಳಗೇ ವೈರು ಹಾಕಿದರೆ ಸಾಕು. ಮಾಮನಿಗೆ ಒಂದು ಮಾತು ಹೇಳಿ ಬರಲಿಲ್ಲ. ಒಂದೆರಡು ಸಲ ಫ್ಲೈಓವರಿನಿಂದ ಕಂಡಿದ್ದರು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬರೇ ಕೂತು ರಸ್ತೆ ನೋಡುತ್ತಿದ್ದರು. ನಾನು ಇಳಿದು ಹೋಗಲಿಲ್ಲ. ಆ ಸ್ಟೇಷನ್ನಿನಲ್ಲಿ ನನಗೇನು ಕೆಲಸ ಅಂದುಕೊಂಡೆ.

ಮೊನ್ನೆ ಅವರ ನಂಬರಿನಿಂದ ಫೋನ್ ಬಂತು. ಮಾತಾಡಿದ್ದು ಮಗ, ಹಿಂದಿಯಲ್ಲಿ. ಅಪ್ಪ ತೀರಿಕೊಂಡು ಹನ್ನೊಂದು ದಿನವಾಯಿತು, ಫೋನಿನಲ್ಲಿದ್ದವರಿಗೆಲ್ಲ ತಿಳಿಸುತ್ತಿದ್ದೇನೆ ಎಂದ. "ನಿಮ್ಮ ನಂಬರಿಗೆ ಮಾತ್ರ ಹೆಸರಿನ ಜಾಗದಲ್ಲಿ ಕನ್ನಡದಲ್ಲಿ ಏನೋ ಬರೆದಿದ್ದಾರೆ. ನಮಗೆ ಓದಲು ಬರುವುದಿಲ್ಲ. ಏನದು?"

ಫೋಟೋ ಕಳಿಸಿದ. 'ಮಾತಿಗೆ ಸಿಗುವವಳು' ಎಂದಿತ್ತು.

"ನನ್ನ ಹೆಸರು" ಎಂದೆ.