ಮಾವ ಹೊದಿಸಿದ ಶೀಟುಗಳು

ನಾಗಸಂದ್ರದವರೆಗೂ ಮೆಟ್ರೊ ಬಂದ ವರ್ಷ. ಮತ್ತಿಕೆರೆಯ ಮನೆಯಿಂದ ಹಾಲಿನ ಬೂತಿಗೆ ಹೋಗಿ ಬರುವಷ್ಟರಲ್ಲಿ ನನ್ನ ಸೋದರಮಾವ ಎರಡು ಕಡೆ ಕೂರುತ್ತಿದ್ದರು. ಬೀಡಿ ಮುಟ್ಟಿದವರಲ್ಲ. ವಯಸ್ಸಾಯಿತು, ಅದಕ್ಕೇ ಏದುಸಿರು ಅಂದುಕೊಂಡಿದ್ದೆವು.

ಮಾವ ಮೂವತ್ತು ವರ್ಷ ಮನೆಗಳ ಚಾವಣಿಗೆ ಶೀಟು ಹೊದಿಸಿದವರು. ಹಳೇ ಹೆಂಚು ಇಳಿಸಿದವರು, ಹಿತ್ತಲಲ್ಲಿ ಬಾಡಿಗೆಗೆಂದು ಸಾಲು ರೂಮು ಎಬ್ಬಿಸಿದವರು ಎಲ್ಲರೂ ಅವರನ್ನೇ ಕರೆಯುತ್ತಿದ್ದರು. ಗರಗಸದಲ್ಲಿ ಶೀಟು ಕೊಯ್ಯುವಾಗ ಅಳತೆಗೆ ಎಳೆದ ಗೆರೆ ಮುಚ್ಚಿಹೋಗುವಷ್ಟು ಬಿಳಿ ಪುಡಿ ಏಳುತ್ತಿತ್ತು. ಅದನ್ನು ಬಾಯಿಂದ ಊದಿ ಮತ್ತೆ ಕೊಯ್ಯುತ್ತಿದ್ದರು. ಅದರಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇದೆಯೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಿಮೆಂಟ್ ಶೀಟು ಅನ್ನುತ್ತಿದ್ದೆವು, ಅಷ್ಟೆ.

ಅಪ್ಪ ಇಲ್ಲದ ನಾನು ಬೆಳೆದದ್ದು ಮಾವನ ಮನೆಯಲ್ಲೇ. ಹಾಗಾಗಿ ಆಸ್ಪತ್ರೆಗೆ ಅವರನ್ನೂ ಅತ್ತೆಯನ್ನೂ ಕರೆದುಕೊಂಡು ಹೋದವಳು ನಾನು. ಡಾಕ್ಟರಮ್ಮ ಎಕ್ಸ್‌ರೇ ನೋಡಿ, "ಏನ್ ಕೆಲ್ಸ ಮಾಡ್ತಿದ್ರಿ?" ಎಂದು ಕೇಳಿದರು.

"ಶೀಟ್ ಕೆಲ್ಸ ಮೇಡಂ."

ಅವರು ಪೆನ್ನು ಕೆಳಗಿಟ್ಟರು. "ಬಟ್ಟೆ ಯಾರು ಒಗೀತಿದ್ರು?"

"ನಾನೇ," ಎಂದರು ಅತ್ತೆ. "ಪೂರ್ತಿ ಪುಡಿ ಅಂಟ್ಕೊಂಡಿರೋದು. ಚೆನ್ನಾಗ್ ಕೊಡವಿ ಆಮೇಲೆ ನೆನೆಸ್ತಿದ್ದೆ."

ಅತ್ತೆಗೂ ಎಕ್ಸ್‌ರೇ ಆಯಿತು. ಮಾವನ ಶ್ವಾಸಕೋಶ ಗಟ್ಟಿಯಾಗಿತ್ತು, ಮತ್ತೆ ಸರಿಹೋಗುವಂಥದ್ದಲ್ಲ. ಅತ್ತೆಯ ಶ್ವಾಸಕೋಶದ ಹೊರಪದರದಲ್ಲೂ ಆ ಧೂಳಿನ ಗುರುತಿತ್ತು. ಸದ್ಯಕ್ಕೆ ತೊಂದರೆಯಿಲ್ಲ, ವರ್ಷಕ್ಕೊಮ್ಮೆ ತೋರಿಸಿ ಅಂದರು. ತಮ್ಮದನ್ನು ಸುಮ್ಮನೆ ಕೇಳಿಸಿಕೊಂಡಿದ್ದ ಮಾವ, ಅತ್ತೆಯದನ್ನು ಕೇಳಿ, "ಬರೀ ಬಟ್ಟೆ ಒಗ್ದಿದ್ದಕ್ಕಾ ಮೇಡಂ?" ಅಂದರು.

ಆ ಭಾನುವಾರ ಮಾವ, "ಸ್ಕೂಟರ್ ತೆಗಿ ಕಣಮ್ಮ, ನಾನ್ ಶೀಟ್ ಹಾಕಿರೋ ಮನೆಗಳಿಗೆ ಹೋಗ್ಬೇಕು" ಅಂದರು.

ಮೊದಲ ಬೀದಿಯಲ್ಲೇ ಒಬ್ಬರು ಮಹಡಿ ಕಟ್ಟಲೆಂದು ಹಳೇ ಶೀಟು ತೆಗೆಸುತ್ತಿದ್ದರು. ಕೆಲಸದವರು ಸುತ್ತಿಗೆಯಿಂದ ಒಡೆದು ಚೂರುಗಳನ್ನು ಕೆಳಗೆ ಎಸೆಯುತ್ತಿದ್ದರು. ಮಾವ ಕೈ ಎತ್ತಿ, ಈ ಧೂಳು ವಿಷ ಎಂದು ನಿಲ್ಲಿಸಿದರು. ಮನೆ ಯಜಮಾನನಿಗೆ ರೇಗಿತು.

"ಏನ್ರೀ, ಹಾಕಿದ್ದೂ ನೀವೇ, ಈಗ ವಿಷ ಅನ್ನೋದೂ ನೀವೇನಾ?"

"ಹೂಂ ಕಣಪ್ಪಾ, ಹಾಕಿದ್ದು ನಾನೇ. ಅದಕ್ಕೇ ಬಂದೆ."

ಯಜಮಾನ ಕೆಲಸದವರಿಗೆ ಸುತ್ತಿಗೆ ಕೆಳಗಿಡಲು ಹೇಳಿದರು. ಮಾವ ಕಲ್ಲಿನ ಮೇಲೆ ಕೂತು, ಕೆಮ್ಮಿನ ನಡುವೆಯೇ ಕೆಲಸ ಹೇಳಿಕೊಟ್ಟರು. ಪುಡಿ ಏಳದ ಹಾಗೆ ಮೊದಲು ಪೈಪಿನಿಂದ ನೀರು ಹೊಡೆದು ನೆನೆಸಿ, ಶೀಟು ಬಿಗಿದಿರುವ ಕೊಕ್ಕೆ ಬಿಚ್ಚಿ, ಒಡೆಯದೆ ಇಡಿಯಾಗಿ ಇಳಿಸಿ ಅಂದರು. ನಾನು ಔಷಧಿ ಅಂಗಡಿಗೆ ಓಡಿ, ಧೂಳು ತಡೆಯುವ ದಪ್ಪ ಮಾಸ್ಕು ತಂದು ಎಲ್ಲರಿಗೂ ಕೊಟ್ಟೆ.

ಆಮೇಲೆ ಎಷ್ಟೋ ಭಾನುವಾರ ಹಾಗೇ ತಿರುಗಿದೆವು. ಗಟ್ಟಿಯಾಗಿರೋ ಶೀಟನ್ನ ಮುಟ್ಟಬೇಡಿ, ತೂತು ಹೊಡೆಯಬೇಡಿ, ಚೂರು ಬಿದ್ದರೆ ಪೊರಕೆಯಲ್ಲಿ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಎಂದು ಬಾಗಿಲು ಬಾಗಿಲಿಗೆ ಹೇಳುತ್ತಿದ್ದರು. ಕೆಲವರು ಕಾಫಿ ಕೊಟ್ಟರು. ಬಾಡಿಗೆಯವರು ಬಿಟ್ಟು ಹೋಗುತ್ತಾರೆಂದು ಕೆಲವರು ಬಾಗಿಲು ಹಾಕಿಕೊಂಡರು. ಒಂದು ರೂಮಿನಲ್ಲಿ ಗದಗ ಕಡೆಯ ಹೆಂಗಸೊಬ್ಬಳು ತಲೆಯ ಮೇಲಿನ ಬಿರುಕು ತೋರಿಸಿ, "ನಾವ್ ಎಲ್ಲಿ ಹೋಗೂಣ್ರೀ ಯಜಮಾನ್ರ?" ಅಂದಳು. ಮಾವ ಒದ್ದೆ ಬಟ್ಟೆ ಇಸಿಕೊಂಡು, ಬಿರುಕಿನ ಕೆಳಗೆ ಉದುರಿದ್ದ ಪುಡಿಯನ್ನು ತಾವೇ ಒರೆಸಿದರು.

ಆಮೇಲೆ ಮಾವನಿಗೆ ಆಕ್ಸಿಜನ್ ಇಲ್ಲದೆ ಆಗದ ಸ್ಥಿತಿ ಬಂತು. ಒಂದು ಮಧ್ಯಾಹ್ನ ಅತ್ತೆ ಗಂಜಿ ಕುಡಿಸುತ್ತಿದ್ದಾಗ ಮಾವ ಅವರ ಕೈ ಹಿಡಿದು, "ನಿನ್ಗೂ ಹತ್ತಿಸ್ಬಿಟ್ನಲ್ಲೇ" ಅಂದರು.

"ಬೇಕೂಂತ ಮಾಡಿದ್ರಾ? ಬಾಯಿ ತೆಗೀರಿ" ಅಂದರು ಅತ್ತೆ. ಲೋಟ ಖಾಲಿಯಾಗುವವರೆಗೂ ಅಲ್ಲೇ ಕೂತಿದ್ದರು. ಅಡುಗೆಮನೆಗೆ ಬಂದ ಮೇಲೆ ಅತ್ತರು.

ಮಾವ ಹೋಗಿದ್ದು ಮುಂದಿನ ಶಿವರಾತ್ರಿಯ ಹೊತ್ತಿಗೆ. ತಿಥಿಯ ದಿನ ಆ ಮೊದಲ ಬೀದಿಯ ಯಜಮಾನ ಬಂದಿದ್ದರು. ನಮ್ಮ ಹಿತ್ತಲ ರೂಮುಗಳ ಶೀಟನ್ನೂ ನೆನೆಸಿಯೇ ಇಳಿಸಿದೆವು, ಒಂದೂ ಒಡೆಯಲಿಲ್ಲ ಎಂದು ಅತ್ತೆಗೆ ಹೇಳಿದರು.